ಪ್ರವಾಸದ ಕೊನೆಯ ಎರಡು ದಿನ ಹಾಳಾಗದಂತೆ ಮನೆಗೆ ಮರಳುವುದು ಹೇಗೆ?

ಕಪ್ಪುಮರಳು (ರಾತ್ರಿ 2.40)

ಮೊದಲೇ ಹೇಳಿಬಿಡುತ್ತೇನೆ, ಇದು ಮನೆಯೆಂದರೆ ಬೇಸರ ಎನ್ನುವವಳ ಪ್ರಶ್ನೆಯಲ್ಲ. ಮನೆ ನನಗೆ ಇಷ್ಟ. ನನ್ನ ದಿಂಬು, ಕತ್ತಲಲ್ಲಿ ತಡಕಾಡದೆ ಕೈಗೆ ಸಿಗುವ ಸ್ವಿಚ್ಚು, ಎಲ್ಲವೂ ಇಷ್ಟ. ನನಗೆ ಆಗದಿರುವುದು ಅಲ್ಲಿಗೆ ಬಂದು ಸೇರುವ ದಾರಿ.

ಜೂನ್ ಕೊನೆಯಲ್ಲಿ ಅಕ್ಕನೂ ನಾನೂ ಐಸ್‌ಲ್ಯಾಂಡಿಗೆ ಹೋಗಿದ್ದೆವು. ಹನ್ನೊಂದು ದಿನ. ಒಂಬತ್ತನೆಯ ದಿನ ಮಧ್ಯಾಹ್ನ ದಕ್ಷಿಣ ತೀರದ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ದಂಡೆಯಲ್ಲಿ ನಿಂತಿದ್ದಾಗ ಅಕ್ಕ, "ನಾಡಿದ್ದು ಈ ಹೊತ್ತಿಗೆ ನಾವು ಎರಡನೆಯ ವಿಮಾನದಲ್ಲಿರುತ್ತೇವೆ" ಎಂದಳು. ಸುಮ್ಮನೆ ಬಾಯಿಗೆ ಬಂದ ಮಾತು. ಅಷ್ಟಕ್ಕೇ ನನ್ನ ಪ್ರವಾಸ ಮುಗಿದುಹೋಯಿತು. ಸಮುದ್ರ ನೋಡುವುದನ್ನು ಬಿಟ್ಟು ಲೆಕ್ಕಕ್ಕೆ ಕುಳಿತೆ. ಒದ್ದೆಯಾದ ಬೂಟು ಯಾವಾಗ ಒಣಗುತ್ತದೆ, ಕೊಂಡ ಉಣ್ಣೆಯ ಸ್ವೆಟರು ಯಾವ ಚೀಲದಲ್ಲಿ ಹಿಡಿಸುತ್ತದೆ, ಬಾಡಿಗೆ ಕಾರಿಗೆ ಎಲ್ಲಿ ಪೆಟ್ರೋಲ್ ತುಂಬಿಸಿ ಎಷ್ಟು ಹೊತ್ತಿಗೆ ಒಪ್ಪಿಸಬೇಕು, ಸೋಮವಾರದ ಸಭೆ ಎಷ್ಟು ಗಂಟೆಗೆ. ಆ ದಂಡೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಬೇಡಿ ಎಂಬ ಎಚ್ಚರಿಕೆ ಇದೆ. ಸುಳಿವು ಕೊಡದೆ ದೊಡ್ಡ ಅಲೆ ಒಳಗೆ ನುಗ್ಗಿ ಜನರನ್ನು ಎಳೆದುಕೊಂಡು ಹೋಗಿದೆ. ಅಂಥ ಜಾಗದಲ್ಲಿ ನಾನು ಮೊಬೈಲಿನಲ್ಲಿ ಆಫೀಸಿನ ಕ್ಯಾಲೆಂಡರ್ ನೋಡುತ್ತಿದ್ದೆ. ಅಕ್ಕ ತೋಳು ಹಿಡಿದು ಹಿಂದಕ್ಕೆ ಎಳೆದಳು, ಎರಡು ಮಾತು ಬೈದಳು ಕೂಡ.

ಹೊರಡುವ ದಿನದ್ದು ಬೇರೆಯೇ ಕಥೆ. ರೇಕ್ಯಾವಿಕ್‌ನಿಂದ ಕೆಫ್ಲಾವಿಕ್ ವಿಮಾನ ನಿಲ್ದಾಣಕ್ಕೆ ಸುಮಾರು 50 ಕಿಲೋಮೀಟರ್. ಬೆಳಗಿನ ಮೂರೂವರೆಗೆ ಕಾರು ಹತ್ತಿದಾಗ ಸೂರ್ಯ ಆಗಲೇ ಮೇಲೆ ಬಂದಿದ್ದ. ಆ ದಿನಗಳಲ್ಲಿ ಅಲ್ಲಿ ನಡುರಾತ್ರಿಗೆ ಮುಳುಗಿ ಮೂರು ಗಂಟೆಗೆಲ್ಲ ಮತ್ತೆ ಮೂಡುತ್ತಾನೆ. ಕತ್ತಲಾಗಿದ್ದರೆ ಹೊರಡುವುದು ಸುಲಭವಾಗುತ್ತಿತ್ತೋ ಏನೋ. ಅಷ್ಟು ಬೆಳಕಿನಲ್ಲಿ ಹೊರಡುವುದೆಂದರೆ ಮಾತು ಮುಗಿಯುವ ಮೊದಲೇ ಎದ್ದು ಬಂದಂತೆ. ಭದ್ರತಾ ತಪಾಸಣೆಯಲ್ಲಿ ಜಾಕೆಟ್ ತೆಗೆದು ಟ್ರೇಗೆ ಹಾಕಿದೆ. ಜೇಬಿನಿಂದ ಒಂದು ಚಿಟಿಕೆ ಕಪ್ಪು ಮರಳು ಉದುರಿತು, ಬೂದು ಬಣ್ಣದ ಟ್ರೇಯ ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ. ಅಲ್ಲಿನ ಸಿಬ್ಬಂದಿ ಹುಡುಗಿ ನನ್ನ ಮುಖ ನೋಡಿದಳು, ಟ್ರೇಯನ್ನು ಓರೆ ಮಾಡಿ ಅಂಗೈಯಿಂದ ಒರೆಸಿದಳು, ಮುಂದಕ್ಕೆ ತಳ್ಳಿದಳು. ದಿನಕ್ಕೆ ಎಷ್ಟು ಸಲ ಒರೆಸುತ್ತಾಳೋ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲ ವಿಮಾನ 1 ಗಂಟೆ 50 ನಿಮಿಷ ತಡ. ಹಿಂದಿನ ಊರಿನಿಂದ ವಿಮಾನವೇ ತಡವಾಗಿ ಬಂತಂತೆ. ನಡುವೆ ವಿಮಾನ ಬದಲಿಸಲು ನಮಗಿದ್ದದ್ದು 1 ಗಂಟೆ 25 ನಿಮಿಷ. ಎರಡನೆಯದು ನಮ್ಮನ್ನು ಬಿಟ್ಟು ಹಾರಿತು. ಕೌಂಟರಿನ ಮುಂದೆ ಎರಡು ಗಂಟೆ ಸಾಲು, ಒಂದು ರಾತ್ರಿ ಹೋಟೆಲು, ಮರುದಿನದ ವಿಮಾನ. ಹತ್ತೊಂಬತ್ತು ಗಂಟೆ ತಡವಾಗಿ ಇಳಿದೆವು. ಬೆಲ್ಟಿನ ಮೇಲೆ ಅಕ್ಕನ ಸೂಟ್‌ಕೇಸ್ ಬಂತು, ನನ್ನದು ಬರಲಿಲ್ಲ. ಒಂದೇ ಕೌಂಟರಿನಲ್ಲಿ ಒಟ್ಟಿಗೆ ಕೊಟ್ಟ ಚೀಲಗಳು! ಅಲ್ಲೇ ಒಂದು ದೂರು ಬರೆಸಿ ಬಂದಿದ್ದೇನೆ. ಐದು ಅಕ್ಷರ, ಐದು ಅಂಕಿಯ ಒಂದು ಸಂಖ್ಯೆ ಕೊಟ್ಟಿದ್ದಾರೆ.

ಈಗ ಮನೆಗೆ ಬಂದು ಎರಡನೆಯ ರಾತ್ರಿ. ಇಲ್ಲಿನ ಗಡಿಯಾರ ಅಲ್ಲಿಗಿಂತ ಐದಾರು ಗಂಟೆ ಮುಂದೆ. ನಿದ್ರೆ ಹತ್ತಿರ ಸುಳಿಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೂಟ್‌ಕೇಸಿಗೆ ಏನು ಮಾಡಲಿ, ನಿದ್ರೆಗೆ ಏನು ಮಾಡಲಿ ಎಂಬುದು ಸಣ್ಣ ಪ್ರಶ್ನೆಗಳು. ದೊಡ್ಡದು ಇದು: ಹೋಗುವಾಗ ಅದೇ ಸಾಲು, ಅದೇ ಇಕ್ಕಟ್ಟಿನ ಸೀಟು, ಅಷ್ಟೇ ತಾಸು. ಆಗ ಏನೂ ಅನ್ನಿಸುವುದಿಲ್ಲ. ಬರುವಾಗ ಮಾತ್ರ ಅದು ಮುಗಿಯುವುದೇ ಇಲ್ಲ, ಸಾಲದೆಂದು ತನಗಿಂತ ಎರಡು ದಿನ ಮೊದಲೇ ಶುರುವಾಗುತ್ತದೆ. ನೀವೆಲ್ಲ ಇದನ್ನು ಹೇಗೆ ಕಳೆಯುತ್ತೀರಿ?

ಒಂಟಿಚೀಲ (ಬೆಳಿಗ್ಗೆ 6.15)

ಕೈಚೀಲ ಒಂದನ್ನೇ ಒಯ್ಯಿರಿ. ಸಮಸ್ಯೆ ಮುಗಿಯಿತು.

ಕಪ್ಪುಮರಳು (ಬೆಳಿಗ್ಗೆ 6.20)

ಅಕ್ಕನಿಗೆ ಓದಿ ಹೇಳಿದೆ. ಅವಳು ನಿಮ್ಮ ವಿಳಾಸ ಕೇಳುತ್ತಿದ್ದಾಳೆ.

ಏಳನೇ ಬೆಲ್ಟ್ (ಬೆಳಿಗ್ಗೆ 9.05)

ವಿಮಾನ ನಿಲ್ದಾಣದ ಲಗೇಜ್ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವನು ನಾನು. ನಿಮ್ಮ ದೊಡ್ಡ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಸಣ್ಣದಕ್ಕೆ ಇದೆ.

ನಿಮ್ಮ ಸೂಟ್‌ಕೇಸ್ ಕಳೆದುಹೋಗಿಲ್ಲ. ನೀವು ತಪ್ಪಿಸಿಕೊಂಡ ವಿಮಾನವನ್ನೇ ಅದೂ ತಪ್ಪಿಸಿಕೊಂಡಿದೆ. ನಿಮಗೆ ಕೌಂಟರಿನಲ್ಲಿ ಹೊಸ ಬೋರ್ಡಿಂಗ್ ಪಾಸ್ ಸಿಕ್ಕಿತು. ಚೀಲದ ಹಿಡಿಯಲ್ಲಿ ಮಾತ್ರ ಹಳೆಯ ಚೀಟಿಯೇ ನೇತಾಡುತ್ತಿರುತ್ತದೆ. ಕಂಪ್ಯೂಟರಿನಲ್ಲಿ ಅದರ ದಾರಿಯನ್ನು ಯಾರಾದರೂ ಬದಲಿಸಿದರೆ ಸರಿ, ಇಲ್ಲದಿದ್ದರೆ ಅದು ಒಂದು ಮೂಲೆಯಲ್ಲಿ ಬೇರೆ ಅನಾಥ ಚೀಲಗಳ ಜೊತೆ ಕೂರುತ್ತದೆ. ಇನ್ನು ಮುಂದೆ ವಿಮಾನ ತಪ್ಪಿದಾಗ ಕೌಂಟರಿನಲ್ಲಿ, "ಚೀಲವನ್ನೂ ಹೊಸ ವಿಮಾನಕ್ಕೆ ಹಾಕಿದ್ದೀರಾ?" ಎಂದು ಕೇಳಿ, ನಿಮ್ಮ ರಸೀದಿಯಲ್ಲಿರುವ ಹತ್ತು ಅಂಕಿಯ ಸಂಖ್ಯೆಯನ್ನು ಓದಿ ಹೇಳಿ. ಎರಡು ಗಂಟೆ ಸಾಲಿನಲ್ಲಿ ನಿಂತವರು ಕೊನೆಯ ಅರ್ಧ ನಿಮಿಷದ ಈ ಪ್ರಶ್ನೆಯನ್ನೇ ಮರೆಯುತ್ತಾರೆ.

ಅಕ್ಕನದು ಬಂದು ನಿಮ್ಮದು ಬರದಿರುವುದಕ್ಕೆ ನನಗೊಂದು ಗುಮಾನಿ. ಹೋಗುವಾಗ ಅಂಟಿಸಿದ ಸಣ್ಣ ಬಾರ್‌ಕೋಡ್ ಚೀಟಿಗಳನ್ನು ನೀವು ಕಿತ್ತಿದ್ದಿರಾ? ಹಿಡಿಯ ಉದ್ದನೆಯ ಪಟ್ಟಿಯನ್ನು ಎಲ್ಲರೂ ಹರಿಯುತ್ತಾರೆ. ಪಕ್ಕದಲ್ಲಿ ಅಂಟಿಕೊಂಡ ಹೆಬ್ಬೆರಳಿನಷ್ಟು ಅಗಲದ ಚೀಟಿಯನ್ನು ಯಾರೂ ನೋಡುವುದಿಲ್ಲ. ಬೆಲ್ಟಿನ ಮೇಲಿನ ಸ್ಕ್ಯಾನರಿಗೆ ನಿನ್ನೆ ಯಾವುದು, ಇಂದು ಯಾವುದು ಎಂಬ ವಿವೇಕ ಇಲ್ಲ. ಎರಡು ಸಂಖ್ಯೆ ಕಂಡರೆ ಚೀಲವನ್ನು ಪಕ್ಕಕ್ಕೆ ತಳ್ಳುತ್ತದೆ, ಆಮೇಲೆ ಮನುಷ್ಯರು ಬಂದು ನೋಡಬೇಕು.

ದೂರು ಬರೆಸದೆ ಹೊರಗೆ ಬಂದಿಲ್ಲವಲ್ಲ, ಅರ್ಧ ಗೆದ್ದಿರಿ. ಉಳಿದರ್ಧ ಹೀಗೆ: 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೀಲ ಒಡೆದು ಬಂದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದರೆ ಸಿಕ್ಕ 21 ದಿನದೊಳಗೆ ವಿಮಾನ ಸಂಸ್ಥೆಗೆ ಲಿಖಿತವಾಗಿ ದೂರು ಕೊಡಬೇಕು. ನಿಲ್ದಾಣದಲ್ಲಿ ಬರೆಸಿದ ಕಾಗದವೇ ಸಾಕು ಎಂದು ಸುಮ್ಮನಿರಬೇಡಿ, ಬೇರೆಯಾಗಿ ಬರೆಯಿರಿ. 21 ದಿನವಾದರೂ ಬರದಿದ್ದರೆ ಕಳೆದಂತೆಯೇ ಲೆಕ್ಕ. ಪರಿಹಾರಕ್ಕೆ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಆಯಾ ದಿನದ ದರಕ್ಕೆ ನಿಮ್ಮ ಹಣಕ್ಕೆ ಬದಲಾಗುತ್ತದೆ. ಅಷ್ಟನ್ನೂ ಕೊಡುತ್ತಾರೆಂದಲ್ಲ, ರಸೀದಿ ಇದ್ದಷ್ಟಕ್ಕೆ ಕೇಳಬಹುದು. ಚೀಲ ಇಲ್ಲದ್ದರಿಂದ ಕೊಂಡ ಹಲ್ಲುಜ್ಜುವ ಬ್ರಷ್ಷಿನ ರಸೀದಿಯನ್ನೂ ಎಸೆಯಬೇಡಿ.

ಇನ್ನೊಂದು. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇದ್ದವೇ? ಇದ್ದರೆ ಹತ್ತೊಂಬತ್ತು ಗಂಟೆಯ ತಡಕ್ಕೂ ಕೇಳಿ. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ಅಲ್ಲ, ಆದರೆ ಯುರೋಪಿಯನ್ ಆರ್ಥಿಕ ವಲಯದಲ್ಲಿದೆ. ಒಕ್ಕೂಟದ 261/2004 ನಿಯಮ ಅಲ್ಲಿಂದ ಹೊರಡುವವರಿಗೂ ಅನ್ವಯಿಸುತ್ತದೆ. ಲೆಕ್ಕಕ್ಕೆ ಬರುವುದು ಮೊದಲ ವಿಮಾನದ ತಡ ಅಲ್ಲ, ಕೊನೆಯ ಊರಿಗೆ ನೀವು ಮುಟ್ಟಿದ ತಡ. ದೂರ 3,500 ಕಿಲೋಮೀಟರ್ ಮೀರಿದ್ದರೆ ತಲಾ 600 ಯೂರೋ. ಹವಾಮಾನ ಕೆಟ್ಟಿತ್ತು, ವಾಯುಸಂಚಾರ ನಿಯಂತ್ರಣದವರು ತಡೆದರು ಎಂಬಂಥ ಕಾರಣವಿದ್ದರೆ ಕೊಡಬೇಕಿಲ್ಲ. "ಹಿಂದಿನ ಊರಿನಿಂದ ತಡವಾಗಿ ಬಂತು" ಎಂಬಷ್ಟೇ ಮಾತು ಸಾಲದು, ಅಲ್ಲಿ ಯಾಕೆ ತಡವಾಯಿತು ಎಂದು ಕೇಳಿ.

1 ಗಂಟೆ 25 ನಿಮಿಷದ ಅಂತರ ಮಾರಿದ್ದು ತಪ್ಪಲ್ಲ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಇಷ್ಟೇ ಕನಿಷ್ಠ ಸಮಯ ಎಂದು ಗೊತ್ತುಪಡಿಸಿರುತ್ತಾರೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿದ್ದರೆ ಮಾರುತ್ತಾರೆ. ಎಲ್ಲವೂ ಸರಿಯಿದ್ದ ದಿನಕ್ಕೆ ಅದು ಸಾಕು. ಎಲ್ಲವೂ ಸರಿಯಿದ್ದ ದಿನವನ್ನು ಹದಿನಾಲ್ಕು ವರ್ಷದಲ್ಲಿ ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ.

ರಾತ್ರಿಪಾಳಿ (ಬೆಳಿಗ್ಗೆ 11.30)

ನಾನು ನರ್ಸ್. ಹಗಲು ರಾತ್ರಿ ಅದಲುಬದಲು ಆಗುವುದು ನಮ್ಮ ಹಣೆಬರಹ, ಹಾಗಾಗಿ ನಿದ್ರೆಯ ವಿಷಯಕ್ಕೆ ಬಾಯಿ ಹಾಕುತ್ತೇನೆ.

ಪೂರ್ವಕ್ಕೆ ಹಾರಿದವರಿಗೆ ಹೆಚ್ಚು ಕಷ್ಟ. ನಮ್ಮ ಒಳಗಿನ ಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದ. ಅದನ್ನು ಹಿಂದಕ್ಕೆ ಎಳೆದರೆ, ಎಂದರೆ ತಡವಾಗಿ ಮಲಗಿ ಎಂದರೆ, ಹೂಂ ಎನ್ನುತ್ತದೆ. ಬೇಗ ಮಲಗು ಎಂದರೆ ಹಟ ಹಿಡಿಯುತ್ತದೆ. ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ ಎಂದುಕೊಳ್ಳಿ. ಐದಾರು ಗಂಟೆ ಎಂದರೆ ಸರಿಸುಮಾರು ಒಂದು ವಾರ.

"ಬೆಳಗಾಗುತ್ತಿದ್ದಂತೆ ಬಿಸಿಲಿಗೆ ಹೋಗಿ ನಿಲ್ಲಿ" ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ವಿಷಯದಲ್ಲಿ ಅದು ಮೊದಲ ಒಂದೆರಡು ದಿನ ತಿರುಗುಬಾಣ. ಅಲ್ಲಿ ನೀವು ಎಂಟಕ್ಕೆ ಏಳುತ್ತಿದ್ದಿರಿ ಎಂದಿಟ್ಟುಕೊಳ್ಳೋಣ. ಏಳುವುದಕ್ಕೆ ಎರಡು ಮೂರು ಗಂಟೆ ಮೊದಲು, ಸುಮಾರು ಐದಕ್ಕೆ, ದೇಹದ ಉಷ್ಣತೆ ಅತಿ ಕಡಿಮೆ ಇರುತ್ತದೆ. ಅದರ ನಂತರ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅದಕ್ಕೂ ಮೊದಲು ಬಿದ್ದದ್ದು ಹಿಂದಕ್ಕೆ. ಅಲ್ಲಿನ ಐದು ಗಂಟೆ ಎಂದರೆ ಮನೆಯ ಗಡಿಯಾರದಲ್ಲಿ ಹತ್ತೂವರೆ, ಹನ್ನೊಂದು. ಹಾಗಾಗಿ ಮೊದಲ ದಿನ ಹನ್ನೊಂದರವರೆಗೆ ಪರದೆ ಎಳೆದು ಒಳಗಿರಿ, ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ. ಆಮೇಲೆ ಮನಸಾರೆ ಬಿಸಿಲು. ಮರುದಿನ ಹನ್ನೊಂದರ ಬದಲು ಹತ್ತಕ್ಕೇ ಬಿಸಿಲಿಗೆ ಬನ್ನಿ, ಹೀಗೆ ದಿನಕ್ಕೊಂದು ಗಂಟೆ ಬೇಗ. ನೀವು ನಡುರಾತ್ರಿಯವರೆಗೂ ಬೆಳಕಿರುವ ನಾಡಿನಿಂದ ಬಂದವರು, ಗಡಿಯಾರ ಅಲ್ಲೇ ಇನ್ನಷ್ಟು ತಡವಾಗಿರಲೂ ಸಾಕು. ಅಲ್ಲಿ ಎಷ್ಟಕ್ಕೆ ಮಲಗುತ್ತಿದ್ದಿರಿ?

ಮೈಕೈ ನೋವು, ಒಣಗಿದ ಗಂಟಲು, ಅದು ಬೇರೆ ಲೆಕ್ಕ. ವಿಮಾನದೊಳಗಿನ ಗಾಳಿಯ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿದಿರಬಹುದು, ತೇವಾಂಶ ಶೇ. 20ಕ್ಕಿಂತ ಕಡಿಮೆ. ಆ ಆಯಾಸ ಒಂದು ಒಳ್ಳೆಯ ನಿದ್ರೆಗೆ ಹೋಗುತ್ತದೆ. ಗಡಿಯಾರದ್ದು ಹೋಗುವುದಿಲ್ಲ. ರಾತ್ರಿ 2.40ಕ್ಕೆ ಮೊಬೈಲಿನ ಬೆಳಕಿನಲ್ಲಿ ಇಷ್ಟುದ್ದ ಬರೆದರೆ ಇನ್ನೂ ಹೋಗುವುದಿಲ್ಲ.

ಅಳತೆಗೋಲು (ಮಧ್ಯಾಹ್ನ 1.10)

ದೊಡ್ಡ ಪ್ರಶ್ನೆಗೆ ಒಂದು ತಕರಾರು. ಬಹುಪಾಲು ಜನರಿಗೆ ಇದು ತಲೆಕೆಳಗು: ಅಷ್ಟೇ ದೂರ, ಅಷ್ಟೇ ಸಮಯ ಇದ್ದರೂ ಮರಳುವ ದಾರಿಯೇ ಚಿಕ್ಕದೆನ್ನಿಸುತ್ತದೆ. 2011ರಲ್ಲಿ ನೆದರ್‌ಲೆಂಡ್ಸ್‌ನ ನೀಲ್ಸ್ ಫಾನ್ ಡೆ ಫೆನ್ ಮತ್ತು ಸಂಗಡಿಗರು ಇದರ ಮೇಲೆ ಸಂಶೋಧನೆ ಪ್ರಕಟಿಸಿದರು. ದಾರಿ ಪರಿಚಿತ, ಅದಕ್ಕೇ ಚಿಕ್ಕದೆನ್ನಿಸುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅವರು ಹೇಳಿದ್ದು ಬೇರೆ. ಹೋಗುವಾಗ "ಬೇಗ ಮುಟ್ಟುತ್ತೇವೆ" ಎಂಬ ಆಸೆ ಇರುತ್ತದೆ, ದಾರಿ ಅದಕ್ಕಿಂತ ಉದ್ದವಾಗುತ್ತದೆ. ಮರಳುವಾಗ "ಅಬ್ಬಾ, ಅಷ್ಟುದ್ದ" ಎಂದು ಅಂಜಿ ಹೊರಡುತ್ತೇವೆ, ಅಂಜಿದ್ದಕ್ಕಿಂತ ಬೇಗ ಮುಗಿಯುತ್ತದೆ. ನೀವು ವಿಮಾನ ತಪ್ಪಿಸಿಕೊಂಡದ್ದರಿಂದ ಈ ಸಲ ಅಂಜಿದ್ದಕ್ಕಿಂತಲೂ ಉದ್ದವಾಯಿತು, ಅಷ್ಟೇ. ಪೂರ್ವಕ್ಕೆ ಹಾರುವಾಗ ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿ ಬೆನ್ನಿಗಿರುತ್ತದೆ, ಹಾಗಾಗಿ ಸಾಮಾನ್ಯವಾಗಿ ಗಡಿಯಾರದ ಪ್ರಕಾರವೂ ನಿಮ್ಮ ಮರುಪ್ರಯಾಣವೇ ಚಿಕ್ಕದು.

ಕಪ್ಪುಮರಳು (ಮಧ್ಯಾಹ್ನ 1.40)

ಅಳತೆಗೋಲು, ನೀವು ಅಳೆದದ್ದು ವಿಮಾನದ ಬಾಗಿಲಿನಿಂದ ಬಾಗಿಲಿಗೆ. ನನ್ನದು ಕಪ್ಪು ಮರಳಿನ ಮೇಲೆ ಅಕ್ಕ ಬಾಯಿ ತೆರೆದಲ್ಲಿಂದ ಶುರು. ಆ ಎರಡು ದಿನವನ್ನು ಯಾವ ಸಂಶೋಧಕರು ಎಣಿಸಿದ್ದಾರೆ?

ಏಳನೇ ಬೆಲ್ಟ್, ಒಂದೇ ಟಿಕೆಟ್. ಚೀಟಿ ಕಿತ್ತ ನೆನಪು ಖಂಡಿತ ಇಲ್ಲ. ರಾತ್ರಿಪಾಳಿ, ಒಂದೂವರೆ ಎರಡಕ್ಕೆ ಮಲಗುತ್ತಿದ್ದೆವು, ಹೊರಗೆ ಬೆಳಕಿದ್ದಾಗ ಮಲಗುವುದು ದಂಡ ಎಂದು. ನಿನ್ನೆ ಬೆಳಿಗ್ಗೆ ಏಳಕ್ಕೇ ಮಹಡಿಯ ಮೇಲೆ ಬಿಸಿಲಿಗೆ ನಿಂತಿದ್ದೆ, ಬಹಳ ಜಾಣೆ ಎಂದುಕೊಂಡು.

ಹದಿನೆಂಟು ತಾಸು (ಸಂಜೆ 7.25)

ನಾನು ಸ್ಕೂಬಾ ಡೈವಿಂಗ್ ಮಾಡುವವನು. ನಮಗೆ ಕೊನೆಯ ದಿನದ ಮೇಲೆ ಹಕ್ಕೇ ಇಲ್ಲ. ಆಳದಲ್ಲಿ ಉಸಿರಾಡಿದಾಗ ಸಾರಜನಕ ರಕ್ತಕ್ಕೂ ಮಾಂಸಕ್ಕೂ ಸೇರಿಕೊಳ್ಳುತ್ತದೆ, ಅದು ನಿಧಾನವಾಗಿ ಹೊರಬರಬೇಕು. ಅಷ್ಟರೊಳಗೆ ಒತ್ತಡ ಕಡಿಮೆಯಿರುವ ವಿಮಾನ ಹತ್ತಿದರೆ ಒಳಗೇ ಗುಳ್ಳೆಯಾಗುತ್ತದೆ. ಹಲವು ದಿನ ಡೈವ್ ಮಾಡಿದವರು ಕೊನೆಯ ಡೈವಿನ ನಂತರ ಕನಿಷ್ಠ 18 ಗಂಟೆ ಹಾರಬಾರದು ಎಂಬುದು ವಾಡಿಕೆಯ ಸೂತ್ರ. ಎಷ್ಟೇ ದುಡ್ಡು ಸುರಿದಿದ್ದರೂ ಕೊನೆಯ ದಿನ ನೀರಿಗೆ ಇಳಿಯುವಂತಿಲ್ಲ.

ಮೊದಲೆರಡು ಸಲ ನಾನೂ ನಿಮ್ಮ ಹಾಗೆಯೇ ಲೆಕ್ಕ ಹಾಕುತ್ತ ಸಿಡುಕಿದೆ. ಮೂರನೆಯ ಸಲ ಏನಾಯಿತೆಂದರೆ, ಡೈವಿಂಗ್ ಸೂಟು, ರೆಕ್ಕೆಪಾದ, ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಹಗ್ಗದ ಮೇಲೆ ಹರವಿದೆ. ಒಣಗುವವರೆಗೆ ಚೀಲಕ್ಕೆ ಹಾಕುವಂತಿಲ್ಲ, ಅವನ್ನು ಬಿಟ್ಟು ದೂರ ಹೋಗುವಂತೆಯೂ ಇಲ್ಲ. ಆರು ಗಂಟೆ ಹಗ್ಗದ ಕೆಳಗೆ ಕುಳಿತೆ. ಸೂಟಿನ ತೋಳಿನ ತುದಿಯಿಂದ ನೀರು ತೊಟ್ಟಿಕ್ಕುವುದು ಯಾವಾಗ ನಿಲ್ಲುತ್ತದೆ ಎಂದು ನೋಡುವುದಷ್ಟೇ ಕೆಲಸ. ಆ ಪ್ರವಾಸದಲ್ಲಿ ನಾನು ಕಂಡ ಮೀನುಗಳಲ್ಲಿ ಅರ್ಧದಷ್ಟರ ಹೆಸರು ಇವತ್ತು ನೆನಪಿಲ್ಲ, ಆ ಹಗ್ಗ ಮಾತ್ರ ಕಣ್ಣಿಗೆ ಕಟ್ಟಿದೆ.

ನೀವು ಮಾಡಿದ ತಪ್ಪು ಲೆಕ್ಕ ಹಾಕಿದ್ದಲ್ಲ, ಸಮುದ್ರದ ಎದುರು ನಿಂತು ಹಾಕಿದ್ದು. ಬೂಟು, ಸ್ವೆಟರು, ಪೆಟ್ರೋಲ್, ಇವಕ್ಕೆಂದೇ ಒಂದು ಇಡೀ ದಿನ ಎತ್ತಿಡಿ. ಆ ದಿನ ನೋಡುವಂಥದ್ದು ಏನನ್ನೂ ಇಟ್ಟುಕೊಳ್ಳಬೇಡಿ.

ರಾತ್ರಿಪಾಳಿ (ರಾತ್ರಿ 8.00)

ಹನ್ನೊಂದು ದಿನದ ರಜೆಯಲ್ಲಿ ಒಂದು ದಿನ ಬೂಟು ಒಣಗಿಸಲು! ನಮಗೆ ಸಿಗುವುದೇ ಆರು ದಿನ ಸ್ವಾಮಿ.

ಕಪ್ಪುಮರಳು (ನಾಲ್ಕು ದಿನದ ನಂತರ, ಸಂಜೆ 6.30)

ಸೂಟ್‌ಕೇಸ್ ಬಂತು. ಮಧ್ಯಾಹ್ನ ಒಬ್ಬ ಹುಡುಗ ತಂದು ಬಾಗಿಲಲ್ಲಿಟ್ಟು ಸಹಿ ಹಾಕಿಸಿಕೊಂಡ. ಏಳನೇ ಬೆಲ್ಟ್, ನಿಮ್ಮ ಗುಮಾನಿಗೆ ಸಾಕ್ಷಿ ಸಿಕ್ಕಿತು. ಚಕ್ರದ ಮೇಲ್ಗಡೆ ಹೋಗುವಾಗಿನ ಚೀಟಿ ಒಂದಲ್ಲ, ಎರಡು. ಅದರ ಹಿಂದಿನ ಪ್ರವಾಸದ್ದೂ ಒಂದು ಅರ್ಧ ಹರಿದುಕೊಂಡು ಇತ್ತು. ಉಗುರಿನಿಂದ ಕೆರೆದು ತೆಗೆದೆ. ತಡದ ಬಗ್ಗೆ, ಚೀಲದ ಬಗ್ಗೆ ಬೇರೆ ಬೇರೆ ಪತ್ರ ಬರೆದಿದ್ದೇನೆ. ಎರಡಕ್ಕೂ "ನಿಮ್ಮ ಪತ್ರ ತಲುಪಿದೆ" ಎಂದು ಯಂತ್ರ ಉತ್ತರ ಕೊಟ್ಟಿದೆ.

ನಿದ್ರೆ ನಿನ್ನೆ ಹನ್ನೆರಡಕ್ಕೆ ಬಂತು. ಕಪ್ಪು ಕನ್ನಡಕ ಹಾಕಿಕೊಂಡು ಸಭೆಗೆ ಹೋದದ್ದಕ್ಕೆ ಕಣ್ಣು ಬಂದಿದೆಯೇ ಎಂದು ಮೂವರು ಕೇಳಿದರು.

ಬೂಟಿನ ವಿಷಯ. ಒಣಗಿಸಲು ಹೊತ್ತಿಲ್ಲವೆಂದು ಒದ್ದೆಯದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತುರುಕಿದ್ದೆ. ವಾರ ಕಳೆದಿದೆ, ಗಂಟು ಬಿಚ್ಚಿದಾಗಿನ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಹದಿನೆಂಟು ತಾಸು ಅವರ ಹಗ್ಗ ನೆನಪಾಯಿತು. ಮುಂದಿನ ಸಲ ಒಂದು ದಿನ ಎತ್ತಿಡೋಣವೇ ಎಂದು ಅಕ್ಕನನ್ನು ಕೇಳಿದೆ. ಅವಳು ಒಂದು ದಿನ ಎಂದರೆ ಅರ್ಧ ದಿನ ಎಂದು ಚೌಕಾಶಿಗೆ ನಿಂತಿದ್ದಾಳೆ. ವಿಮಾನದ ನಡುವೆ ಮೂರು ಗಂಟೆ ಅಂತರ ಇರಲಿ ಎಂಬುದಕ್ಕೆ ಮಾತ್ರ ಒಂದೇ ಸಲಕ್ಕೆ ಒಪ್ಪಿದಳು.

ಬೂಟನ್ನು ಬೋರಲು ಹಾಕಿ ಹಿಮ್ಮಡಿಯನ್ನು ನೆಲಕ್ಕೆ ತಟ್ಟಿದೆ. ಅರ್ಧ ಮುಷ್ಟಿಯಷ್ಟು ಕಪ್ಪು ಮರಳು ಬಿತ್ತು, ಇನ್ನೂ ತೇವ ಇದ್ದದ್ದು, ಬೂಟಿನ ತುದಿಯ ಆಕಾರದಲ್ಲೇ ಕೂತುಕೊಂಡಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಅಕ್ಕ ಪೊರಕೆ ತಂದಳು. ಇರಲಿ ಬಿಡು ಎಂದೆ. ಅವಳು ಗುಡಿಸಿಯೇಬಿಟ್ಟಳು.